ಜೆನೋವಾಕ್ಕೆ ಒಯ್ದ ಮಣ್ಣು

ಲಂಡನ್ನಿನ ಫೆಲ್ಥಮ್‌ನ ಮನೆಯಲ್ಲಿ, ಅಡಿಗೆ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿಕೊಂಡು ಶಿವಕ್ಕ ಮಣ್ಣು ಜರಡಿ ಹಿಡಿಯುತ್ತಿದ್ದಳು. ಎರಿ ಹೊಲದ ಕರಿಮಣ್ಣು. ಎರಡು ವರ್ಷದ ಹಿಂದೆ ಕೇರ್ ಹೋಮಿನ ಕೆಲಸಕ್ಕೆ ವೀಸಾ ಸಿಕ್ಕಿ ವಿಜಯಪುರ ಬಿಡುವಾಗ, ಗಂಡನ ಮನೆತನದ ಹಿರಿಯರ ಸಮಾಧಿಗಳಿರುವ ಹೊಲದ ಮೂಲೆಯಿಂದ ಒಂದು ಬೊಗಸೆ ತುಂಬಿ ತಂದದ್ದು. ಇಷ್ಟು ದಿನ ಹಾರ್ಲಿಕ್ಸ್ ಬಾಟಲಿಯಲ್ಲಿ, ಅವಳ ಮಂಚದ ಕೆಳಗೆ ಇತ್ತು.

"ವೈನಿ, ಏರ್‌ಪೋರ್ಟಿನ್ಯಾಗ ಕೇಳಿದ್ರ ಏನಂತೀರಿ?" ಮೈದುನ ಶಶಿಧರ ಯೂನಿಫಾರ್ಮಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. "ಹದಿನೆಂಟು ವರ್ಷ ಕಾರ್ಗೋದಾಗ ದುಡದೇನಿ. ಮಣ್ಣು ಹೊತ್ಕೊಂಡು ಹೋಗೂ ಪ್ಯಾಸೆಂಜರ್‌ನ ನಾ ಕಂಡಿಲ್ಲ."

"ಕಂಡಿಲ್ಲಂದ್ರ ಈಗ ಕಾಣು, ಶಶಿ. ನೂರು ಎಂಎಲ್ಲಿನ ಒಳಗ ಅದ."

"ವಿಭೂತಿ ಅಂತ ಹೇಳ್ರಿ."

"ವಿಭೂತಿ ಬ್ಯಾರೆ ಇಟ್ಕೊಂಡೀನಿ. ಸುಳ್ಳ್ಯಾಕ ಹೇಳ್ಲಿ? ಗಂಡಗ ಮಣ್ಣು ಕೊಡಾಕ ಹೊಂಟೀನಿ ಅಂತೀನಿ. ಪಿಂಕಿ ಇರ್ತಾಳಲ್ಲ, ಇಂಗ್ಲಿಷಿನ್ಯಾಗ ತಿಳಿಸಿ ಹೇಳ್ತಾಳ."

ಟೇಬಲ್ಲಿನ ಮುಂದೆ ಕೂತು ಬೋರ್ಡಿಂಗ್ ಪಾಸು ನೋಡುತ್ತಿದ್ದ ಪಿಂಕಿ, ಅಂದರೆ ಪ್ರಿಯಾಂಕಾ, ತಲೆ ಎತ್ತಲಿಲ್ಲ. ಶಶಿಧರನ ಒಬ್ಬಳೇ ಮಗಳು. ಹೋದ ಬೇಸಿಗೆಯಲ್ಲಿ ಡಿಗ್ರಿ ಮುಗಿಸಿದವಳು. ಹತ್ತು ಮಾತಿಗೆ ಒಂದು ಮಾತು ಆಡುವ ಹುಡುಗಿ. ಉಳಿದ ಒಂಬತ್ತು ದಿನಾ ಸಂಜೆ ಡೈರಿಗೆ ಹೋಗುತ್ತಿದ್ದವು. ಅಪ್ಪನಿಗೆ ರಜೆ ಸಿಗದೆ ದೊಡ್ಡವ್ವನ ಜೊತೆಗೆ ಹೋಗುವ ಕೆಲಸ ಅವಳ ಪಾಲಿಗೆ ಬಂದಿತ್ತು. ಒಲ್ಲೆ ಅನ್ನಲು ಕಾರಣ ಕೊಡಬೇಕಾಗುತ್ತಿತ್ತು. ಆ ಕಾರಣವನ್ನೇ ಅವಳು ನಾಲ್ಕು ವರ್ಷದಿಂದ ಯಾರಿಗೂ ಕೊಟ್ಟಿರಲಿಲ್ಲ.

ಇಟಲಿಯ ಜೆನೋವಾದಲ್ಲಿ ಮಣ್ಣು ಕೊಡಲು ಗೋರಿಯೇ ಇಲ್ಲ. ಈ ಮನೆಯಲ್ಲಿ ಅದು ಅವಳೊಬ್ಬಳಿಗೇ ಗೊತ್ತಿತ್ತು.

ದೊಡ್ಡಪ್ಪ ದಾನಪ್ಪ ಸರಕು ಹಡಗಿನಲ್ಲಿ ಅಡಿಗೆಯವನಾಗಿದ್ದ. ಸಮುದ್ರದ ವಾಸನೆಯೂ ಇಲ್ಲದ ಊರಿನಿಂದ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿದವನು. ಇಪ್ಪತ್ತು ವರ್ಷ ಕಂಡವರಿಗೆಲ್ಲ ಮೀನು ಹುರಿದು ಹಾಕಿ, ತಾನು ಮಾತ್ರ ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದವನು. ಬಂದರು ಸಿಕ್ಕಲ್ಲೆಲ್ಲ ಫೋಟೋ ತೆಗೆದು ಕಳಿಸುತ್ತಿದ್ದ. ಗಡಿಗಳೆಲ್ಲ ಮುಚ್ಚಿ, ಮಂದಿ ಮಾಸ್ಕ್ ಹಾಕಿಕೊಂಡು ಕೂತಿದ್ದ ಆ ಚಳಿಗಾಲದಲ್ಲಿ ಹಡಗು ಜೆನೋವಾದಲ್ಲಿ ನಿಂತಿದ್ದಾಗ ಅವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮುಗಿದಿತ್ತು. ಹೆಣ ಊರಿಗೆ ಕಳಿಸುವ ಹಾಗಿಲ್ಲ, ಮನೆಯವರು ಹೋಗುವ ಹಾಗಿಲ್ಲ. ಬಂದರಿನ ಏಜೆಂಟು, ಹತ್ತಿರದ ಸಂಬಂಧಿ ಎಂದು ಲಂಡನ್ನಿನ ತಮ್ಮನಿಗೆ ಒಂದು ಫಾರ್ಮು ಇಮೇಲ್ ಮಾಡಿದ.

ಆ ಮನೆಯಲ್ಲಿ ಡಾಕ್ಟರ ಫಾರ್ಮು, ಕೌನ್ಸಿಲ್ ಫಾರ್ಮು, ಎಲ್ಲ ತುಂಬುತ್ತಿದ್ದವಳು ಪ್ರಿಯಾಂಕಾ. ಆಗ ಹದಿನೇಳು. ಅಪ್ಪ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ. "ನೀನ ತುಂಬಿ ಕಳಿಸು ಪಿಂಕಿ" ಎಂದು ಒಳಗಿನಿಂದಲೇ ಹೇಳಿದ. ಧರ್ಮ ಯಾವುದು ಎಂದು ಕೇಳಿದಲ್ಲಿ ಎಲ್ಲ ಫಾರ್ಮಿನಲ್ಲೂ ಬರೆಯುವಂತೆ ಹಿಂದೂ ಎಂದು ಬರೆದಳು. ಅರ್ಧ ತಾಸಿಗೆ ಏಜೆಂಟನ ಉತ್ತರ ಬಂತು: ಹಾಗಾದರೆ ಹಿಂದೂ ಪದ್ಧತಿಯಂತೆ ದಹನ ಮಾಡಿಸುತ್ತೇವೆ, ದಯವಿಟ್ಟು ಒಪ್ಪಿಗೆ ತಿಳಿಸಿ.

ಅವಳು ಅದುವರೆಗೆ ಎರಡೇ ಸಾವು ನೋಡಿದ್ದಳು. ಪಕ್ಕದ ಮನೆಯ ಗುಜರಾತಿ ಅಜ್ಜಿ, ಮತ್ತು ಹೌನ್ಸ್ಲೋದಲ್ಲಿ ಅಪ್ಪನ ಗೆಳೆಯನೊಬ್ಬ. ಇಬ್ಬರನ್ನೂ ಸುಟ್ಟಿದ್ದರು. ಬಾತ್‌ರೂಮಿನ ಬಾಗಿಲ ಮುಂದೆ ಹೋಗಿ ನಿಂತಳು. ಬಡಿಯಲು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ವಾಪಸ್ ಬಂದು 'ಒಪ್ಪಿಗೆ' ಎಂದು ಬರೆದು ಕಳಿಸಿದಳು.

ಮೂರನೇ ದಿನ ಸ್ಪೀಕರಿನಲ್ಲಿ ಊರಿನ ಫೋನು. ಶಿವಕ್ಕನದೇ ದನಿ. "ಶಶಿ, ಕುಂದ್ರಿಸಿ ಮಣ್ಣು ಮಾಡಿದ್ರೇನಪ ಅವರನ್ನ?" ಅಪ್ಪ, ಫಾರ್ಮಿನಲ್ಲಿ ಎಲ್ಲ ಸರಿಯಾಗಿ ಹೋಗಿರುತ್ತದೆಂಬ ನಂಬಿಕೆಯಿಂದ, "ಮಾಡ್ಯಾರ್ರಿ ವೈನಿ, ಎಲ್ಲಾ ಪದ್ಧತಿ ಪ್ರಕಾರ ಆಗೇದ" ಅಂದ. ಮೆಟ್ಟಿಲ ಮೇಲೆ ಕೂತಿದ್ದ ಪ್ರಿಯಾಂಕಾಳಿಗೆ ಆಗ ತಿಳಿಯಿತು: ನಮ್ಮವರು ಸುಡುವುದಿಲ್ಲ. ಕೂಡಿಸುತ್ತಾರೆ, ಎಡಗೈಯಲ್ಲಿ ಲಿಂಗ ಇಡುತ್ತಾರೆ, ವಿಭೂತಿ ಪತ್ರಿ ಹಾಕುತ್ತಾರೆ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಸತ್ತವರ ಮನೆಗೆ ಹೋಗುವುದಕ್ಕೇ ಆ ಕಡೆ ಮಣ್ಣಿಗೆ ಹೋಗುವುದು ಅನ್ನುತ್ತಾರೆ.

ತಿಂಗಳ ಮೇಲೆ ದಹನದ, ಬೂದಿ ಇಟ್ಟ ಸ್ಮಶಾನದ ವಿವರವಿದ್ದ ಪ್ರಮಾಣಪತ್ರ ಬಂತು, ಇಟಾಲಿಯನ್ ಭಾಷೆಯಲ್ಲಿ. ಅವಳು ಅದನ್ನು ಮಡಚಿ ಡೈರಿಯ ಹಿಂದಿನ ಜೇಬಿಗೆ ಸೇರಿಸಿದಳು. 'ಇವತ್ತು ಹೇಳಬೇಕು' ಎಂದು ಆ ವರ್ಷ ಹನ್ನೊಂದು ಸಲ ಬರೆದಳು. ಆಮೇಲೆ ಬರೆಯುವುದನ್ನೂ ಬಿಟ್ಟಳು.

ವಿಮಾನ ಇಳಿಯುವಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟಕ್ಕೆ ಅಂಟಿಕೊಂಡ ಮನೆಗಳು. ಮಣ್ಣಿನ ಪೊಟ್ಟಣವನ್ನು ಎಲ್ಲೂ ಯಾರೂ ಕೇಳಲಿಲ್ಲ. ಶಿವಕ್ಕನ ಕೈಚೀಲದಲ್ಲಿ ಅದರ ಜೊತೆಗೆ ಇನ್ನೊಂದು ವಸ್ತು ಇತ್ತು: ದಾನಪ್ಪನ ಬೆಳ್ಳಿ ಕರಡಿಗೆ, ಅದರೊಳಗೆ ಅವನ ಇಷ್ಟಲಿಂಗ. ಹಡಗಿನವರು ಬಟ್ಟೆ, ವಾಚು, ಫೋನಿನ ಜೊತೆ ಅದನ್ನೂ ಪಾರ್ಸೆಲ್ ಮಾಡಿ ಊರಿಗೆ ಕಳಿಸಿದ್ದರು.

"ಕೈಯಾಗ ಇಡದ ಕಳಿಸ್ಯಾರ. ಪಾಪ, ಅವರಿಗೇನ ಗೊತ್ತು," ಎಂದಳು ಶಿವಕ್ಕ. "ತಲಿ ಕಡೆ ಒಂದು ಗೇಣು ಅಗದು ಇಟ್ಟು ಬರ್ತೀನಿ. ಮ್ಯಾಲೆ ನಮ್ಮ ಮಣ್ಣು ಹಾಕಿದ್ರ ಆತು."

ಮೊದಲು ಬಂದರು ನೋಡೋಣ ಎಂದವಳು ಪ್ರಿಯಾಂಕಾ. ಹೊತ್ತು ದೂಡಲು ಹಾಗಂದಳು. ಶಿವಕ್ಕನಿಗೂ ಅದು ಬೇಕಾಗಿತ್ತು. ಕತ್ತು ಎತ್ತಿದರೂ ಆಕಾಶ ಕಾಣದಷ್ಟು ಇಕ್ಕಟ್ಟಾದ ಓಣಿಗಳಲ್ಲಿ ಇಳಿದರು. ಎಷ್ಟೋ ನೂರು ವರ್ಷದ ಕಲ್ಲಿನ ಕಮಾನು. ಅದರ ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಒಣಹಾಕಿದ ಚಾದರ. ಒಂದು ಗೂಡಿನಲ್ಲಿ ಮೇರಿಯ ಮೂರ್ತಿ, ಮುಂದೆ ಹೂವಿನ ಗ್ಲಾಸು. ಶಿವಕ್ಕ ನಿಂತು ಕೈಮುಗಿದು ಮುಂದೆ ನಡೆದಳು. ಓಣಿ ಮುಗಿದದ್ದೇ ಸಮುದ್ರ ಎದುರಿಗೆ ಬಂತು.

ದೂರದಲ್ಲಿ ಹಳೆಯ ದೀಪಸ್ತಂಭ. ಶಿವಕ್ಕ ಫೋನು ತೆಗೆದು ದಾನಪ್ಪ ಕಳಿಸಿದ್ದ ಕೊನೆಯ ಫೋಟೋವನ್ನು ಅದರ ಪಕ್ಕಕ್ಕೆ ಹಿಡಿದಳು. ಅದೇ ಸ್ತಂಭ. ಫೋಟೋದಲ್ಲಿ ಮಾತ್ರ ಮಂಜಿತ್ತು.

"ಇಲ್ಲೇ ಎಲ್ಲ್ಯೋ ನಿಂತಿತ್ತು ಹಡಗು. ಡೆಕ್ಕಿನ ಮ್ಯಾಲಿಂದ ತಗದಾರ. 'ಇದು ಗೋಳಗುಮ್ಮಟದಷ್ಟು ಎತ್ತರ ಇರಬಹುದೇನ' ಅಂತ ಬರದಿದ್ರು. ನಾ ರಿಪ್ಲೈ ಮಾಡ್ಲಿಲ್ಲ. ಗಿರಣಿಗೆ ಹೋಗಿದ್ದೆ ಆವತ್ತ." ಫೋನು ಇಳಿಸಿ ಕೇಳಿದಳು, "ನಿನಗ ಹೆಂಗ ಅನಸ್ತದ? ಅಷ್ಟು ಎತ್ತರ ಅದ ಏನು?"

"ಜಾಸ್ತಿ ಇರಬಹುದು, ದೊಡ್ಡವ್ವ."

"ಹಂಗಿದ್ರ ಸುಮ್ನಿರು. ಅವರ ಮುಂದ ಹೇಳಬ್ಯಾಡ. ಊರ ಅಭಿಮಾನ ಭಾಳ ಅವರಿಗೆ."

ಪ್ರಿಯಾಂಕಾ ಬಾಯಿ ತೆರೆದಳು. ಅಷ್ಟರಲ್ಲಿ ಹಡಗೊಂದು ಕೂಗಿತು. ಆ ಕೂಗು ನಿಂತ ಮೇಲೆ ಅವಳು ಬಸ್ ನಿಲ್ದಾಣದ ದಾರಿ ಹಿಡಿದಳು.

ಬಸ್ಸು ಒಣಗಿದ ಹೊಳೆಯ ಗುಂಟ ಊರ ಹೊರಗೆ ಸಾಗಿತು. ಸ್ಮಶಾನದ ಗೇಟಿನ ಎದುರು ಸಾಲಾಗಿ ಹೂವಿನ ಅಂಗಡಿಗಳು. ಶಿವಕ್ಕ ಬಿಳಿ ಸೇವಂತಿಗೆ ಆರಿಸಿದಳು. ಅಂಗಡಿಯವನ ಬಕೆಟ್ಟಿನ ಪಕ್ಕ ಕುಂಡಕ್ಕೆ ಮಣ್ಣು ತುಂಬುವ ಸಣ್ಣ ಸಲಿಕೆ ಕಂಡಿತು.

"ಪಿಂಕಿ, ಅದನ್ನ ಹತ್ತು ನಿಮಿಷ ಕೊಡ್ತಾರೇನ ಕೇಳು. ತಿರುಗಿ ತಂದು ಕೊಡ್ತೀವಿ ಅನ್ನು."

ಪ್ರಿಯಾಂಕಾ ಅಂಗಡಿಯವನ ಕಡೆ ನೋಡಿದಳು. ಅವನೂ ಏನು ಬೇಕು ಎಂಬಂತೆ ಹುಬ್ಬು ಏರಿಸಿದ.

"ಕೇಳವ್ವಾ. ಇಷ್ಟಕ್ಕೂ ನಾಚ್ಕೊಂಡ್ರ ಹೆಂಗ?"

"ಸಲಿಕಿ ಬ್ಯಾಡ, ದೊಡ್ಡವ್ವ."

"ಕೈಲೆ ಅಗೀಲೇನು?"

"ಅಗಿಯೋದೇ ಇಲ್ಲ. ಮಣ್ಣು ಮಾಡಿಲ್ಲ ಅವರನ್ನ. ಸುಟ್ಟಾರ." ಒಮ್ಮೆ ಹೊರಬಿದ್ದ ಮೇಲೆ ಮಾತು ತಾನಾಗಿ ಬಂತು, ಸಣ್ಣ ದನಿಯಲ್ಲಿ, ತಡೆಯಿಲ್ಲದೆ. "ಹೂಂ ಅಂದವಳು ನಾನು. ಫಾರ್ಮ್ ನಾನ ತುಂಬಿದ್ದೆ. ಹಿಂದೂ ಅಂತ ಬರದೆ, ಕ್ರಿಮೇಷನ್ ಓಕೆ ಏನು ಅಂತ ಕೇಳಿದ್ರು, ಓಕೆ ಅಂದೆ. ಪಪ್ಪನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ನನಗ ಗೊತ್ತಿರಲಿಲ್ಲ ನಮ್ಮಲ್ಲಿ ಹಂಗಿಲ್ಲ ಅಂತ."

ಶಿವಕ್ಕ ಸೇವಂತಿಗೆಯನ್ನು ಬಕೆಟ್ಟಿನಲ್ಲಿ ವಾಪಸ್ ಇಟ್ಟಳು. ರಸ್ತೆ ಬದಿಯ ಕಲ್ಲಿನ ಕಟ್ಟೆಯ ತನಕ ನಡೆದು ಕೂತಳು. ಕೈಚೀಲ ಮಡಿಲಲ್ಲಿತ್ತು. ಎರಡು ಬಸ್ಸು ಬಂದು ಹೋದವು.

"ಯಾವಾಗ ಗೊತ್ತಾತು ನಿನಗ, ತಪ್ಪಾಗೇದ ಅಂತ?"

"ನೀವು ಫೋನ್ ಮಾಡಿದಾಗ. ಮೂರನೇ ದಿನ."

"ನಿಮ್ಮಪ್ಪಗ?"

"ಅವರಿಗೆ ಇನ್ನೂ ಗೊತ್ತಿಲ್ಲ."

"ಅಂದ್ರ ನಾ ಬಂದು ಎರಡು ವರ್ಷ ಆತು, ಒಂದ ಮನ್ಯಾಗ ಇದ್ದೀವಿ. ನಾ ಆ ಬಾಟ್ಲಿ ತಗದು ತಗದು ನೋಡ್ತಿದ್ದೆ. ನೀ ನನ್ನ ಬಾಜೂಕ ಕುಂತು ಚಹಾ ಕುಡೀತಿದ್ದಿ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಪ್ರಿಯಾಂಕಾಳಿಗೆ. "ಕೇರ್ ಹೋಮಿನ್ಯಾಗ ಯಾರರೆ ಹೊಸದಾಗಿ ಬಂದ್ರ ಅವರ ಮಂದೀನ ಮೊದಲ ಕೇಳಿ ಬರಕೋತೀವಿ, ಹೂಳೂದೋ ಸುಡೂದೋ ಅಂತ. ಗುರ್ತು ಪರಿಚಯ ಇಲ್ಲದ ಬಿಳೀ ಮುದುಕೀರದು ನಾ ಎರಡೆರಡು ಸಲ ಕೇಳ್ತೀನಿ. ಪ್ರತೀ ಸಲಾನೂ ಅನ್ಕೋತಿದ್ದೆ, ನಮ್ಮವರದು ಸರಿಯಾಗಿ ಆತಲ್ಲ, ಅಷ್ಟ ಸಾಕು ಅಂತ."

ಸಾರಿ ಎನ್ನುವ ಪದ ಪ್ರಿಯಾಂಕಾಳ ನಾಲಿಗೆಗೆ ಬಂತು. ಟ್ಯೂಬ್ ರೈಲಿನಲ್ಲಿ ಕಾಲು ತುಳಿದವರಿಗೆ ಹೇಳುವ ಪದ. ಅವಳು ಅದನ್ನು ನುಂಗಿದಳು.

"ಬೆಂಕ್ಯಾಗ ಇಡುಮುಂದ ಯಾರರೆ ಇದ್ರೇನ?"

"ಗೊತ್ತಿಲ್ಲ, ದೊಡ್ಡವ್ವ. ನಾ ಅದನ್ನೂ ಕೇಳಲಿಲ್ಲ."

ಶಿವಕ್ಕ ಎದ್ದು ಅಂಗಡಿಗೆ ಹೋಗಿ, ತಾನೇ ಇಟ್ಟ ಸೇವಂತಿಗೆಯನ್ನು ಎತ್ತಿಕೊಂಡಳು. "ನಡಿ. ಎಲ್ಲಿ ಇಟ್ಟಾರ ತೋರಿಸು."

ಸ್ಮಶಾನದ ಕಚೇರಿಯ ಹೆಂಗಸು ಪ್ರಿಯಾಂಕಾ ಡೈರಿಯಿಂದ ತೆಗೆದುಕೊಟ್ಟ ಪ್ರಮಾಣಪತ್ರ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ನಕ್ಷೆಯ ಮೇಲೆ ಪೆನ್ನಿನಿಂದ ದಾರಿ ಗೀಚಿ ಕೊಟ್ಟಳು. ಅಮೃತಶಿಲೆಯ ದೇವದೂತರ, ಅಳುತ್ತಿರುವ ಕಲ್ಲಿನ ಹೆಂಗಸರ ಸಾಲು ದಾಟಿ, ಮೆಟ್ಟಿಲು ಹತ್ತಿ ಹೋದರೆ ಕೊನೆಗೊಂದು ಉದ್ದನೆಯ ಗೋಡೆ. ಗೋಡೆಯ ತುಂಬ ಪಾರಿವಾಳದ ಗೂಡಿನಂಥ ಚೌಕಗಳು. ದಾನಪ್ಪನದು ಐದನೇ ಸಾಲು. ಚಕ್ರದ ಏಣಿ ತಳ್ಳಿಕೊಂಡು ಬಂದು ಹತ್ತಬೇಕು. ಹೆಸರು, ಎರಡು ಇಸವಿ, ಅಷ್ಟೇ. ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಹೂವು.

"ಯಾರೋ ಬಂದು ಹೋಗ್ಯಾರ," ಎಂದಳು ಶಿವಕ್ಕ. ಆಮೇಲೆ ಸುತ್ತ ನೋಡಿದಳು. ಆಚೀಚೆ ಯಾರೂ ಬಾರದ ಗೂಡುಗಳಿಗೆಲ್ಲ ಅದೇ ಬಣ್ಣದ ಅದೇ ಹೂವಿತ್ತು. ಸ್ಮಶಾನದವರೇ ಯಾರೋ ಸಿಕ್ಕಿಸಿದ್ದು.

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಪ್ರಿಯಾಂಕಾ ಕೆಳಗೆ ಏಣಿ ಹಿಡಿದು ನಿಂತಳು. ಶಿವಕ್ಕ ಕಲ್ಲಿನ ಮೇಲೆ ಅಂಗೈ ಇಟ್ಟಳು. ಸೇವಂತಿಗೆಯನ್ನು ಪ್ಲಾಸ್ಟಿಕ್ ಹೂವಿನ ಪಕ್ಕ ಸಿಕ್ಕಿಸಿ, ವಿಭೂತಿ ತೆಗೆದು ಹೆಸರಿನ ಮೇಲೆ ಮೂರು ಬೆರಳು ಎಳೆದಳು. ಮಣ್ಣಿನ ಪೊಟ್ಟಣ ಬಿಚ್ಚಿ ಒಂದು ಹಿಡಿ ಕೈಗೆ ಹಾಕಿಕೊಂಡಳು. ಹಾಕಲು ಜಾಗ ಹುಡುಕಿದಳು. ಕಲ್ಲು ನುಣ್ಣಗೆ ನೆಟ್ಟಗೆ ನಿಂತಿತ್ತು. ಇಟ್ಟರೆ ಜಾರಿ ಕೆಳಗಿನ ಇನ್ಯಾರದೋ ಹೆಸರಿನ ಮೇಲೆ ಬೀಳುತ್ತಿತ್ತು.

"ಎಂಥಾ ಆಳು," ಎಂದಳು ಮೇಲಿನಿಂದಲೇ. "ಮಲಗಿದ್ರ ಮಂಚ ಪೂರ್ತಿ ಅವರದ. ಇಷ್ಟ ಜಾಗಾದಾಗ ಹೆಂಗ ಕುಂತಾರ?"

ಹಿಡಿ ಮಣ್ಣನ್ನು ಒಂದು ಹರಳೂ ಚೆಲ್ಲದಂತೆ ಪೊಟ್ಟಣಕ್ಕೆ ವಾಪಸ್ ಸುರಿದು, ಇಳಿದು ಬಂದಳು. ಅಂಗೈ ಕಪ್ಪಾಗಿತ್ತು. ಒರೆಸಿಕೊಳ್ಳಲಿಲ್ಲ.

ಇಬ್ಬರೂ ಗೋಡೆಯ ಮುಂದೆ ನಿಂತಿದ್ದಾಗ ಪ್ರಿಯಾಂಕಾ ಹೇಳಿದಳು, "ನೀವು ಇಲ್ಲೇ ಇರ್ರಿ. ನಾ ಕೇಳಿ ಬರ್ತೀನಿ."

"ಏನು ಕೇಳ್ತಿ?"

"ಬೂದಿ ಹೊರಗ ತಗದು ಕೊಡ್ತಾರೇನ ಅಂತ."

ಅಂಗಡಿಯಲ್ಲಿ ಹಾಲಿನ ಡಬ್ಬಿ ಎಲ್ಲಿದೆ ಎಂದೂ ಯಾರನ್ನೂ ಕೇಳದ ಹುಡುಗಿ ಮೆಟ್ಟಿಲಿಳಿದು ಹೋದಳು. ಕಚೇರಿಯ ಹೆಂಗಸಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರಿಯಾಂಕಾ ಒಮ್ಮೆ ಕೇಳಿದಳು. ಅರ್ಥವಾಗದಿದ್ದಾಗ ಫೋನಿನಲ್ಲಿ ಬರೆದು ತೋರಿಸಿದಳು. ಆಗುವುದಿಲ್ಲ ಎಂಬಂತೆ ಕೈ ಆಡಿಸಿದಾಗಲೂ ಹೊರಡದೆ ಕೌಂಟರ್ ಹಿಡಿದು ನಿಂತಳು. ಕೊನೆಗೆ ಒಳಗಿನಿಂದ ಇನ್ನೊಬ್ಬಾತ ಬಂದ. ಹೆಂಡತಿ ಖುದ್ದಾಗಿ ಬಂದಿದ್ದರೆ ಅರ್ಜಿ ಕೊಡಬಹುದು, ಕೆಲವು ವಾರ ಹಿಡಿಯುತ್ತದೆ, ಮತ್ತೊಮ್ಮೆ ಬರಬೇಕಾಗುತ್ತದೆ ಎಂದ. ನಾಲ್ಕು ಪುಟದ ಫಾರ್ಮು ಕೊಟ್ಟ. ಒಂದು ಕಡೆ ಇಟಾಲಿಯನ್, ಇನ್ನೊಂದು ಕಡೆ ಇಂಗ್ಲಿಷ್.

ಗೋಡೆಯ ಎದುರಿನ ಬೆಂಚಿನಲ್ಲಿ ಶಿವಕ್ಕನ ಪಕ್ಕ ಕೂತು, ಡೈರಿಯನ್ನು ಆಸರೆಗಿಟ್ಟು ಅದರ ಮೇಲೆ ಫಾರ್ಮು ಹರಡಿದಳು. ಪೆನ್ನಿನ ಮುಚ್ಚಳ ತೆಗೆದಳು, ಬರೆಯಲಿಲ್ಲ.

"ಒಂದೊಂದ ಓದಿ ಹೇಳ್ತೀನಿ, ದೊಡ್ಡವ್ವ. ನೀವು ಹೇಳಿದ್ದ ಬರೀತೀನಿ."

"ಓದು."

ಹೆಸರು ಓದಿದಳು. ಹುಟ್ಟಿದ ಊರು ಓದಿದಳು. ತೀರಿಕೊಂಡವರು ಅರ್ಜಿದಾರರಿಗೆ ಏನಾಗಬೇಕು ಎಂಬುದನ್ನು ಓದಿದಳು. ಶಿವಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು, ಕೇರ್ ಹೋಮಿನಲ್ಲಿ ತಾನು ಬೇರೆಯವರನ್ನು ಕೇಳಿ ಬರೆದುಕೊಳ್ಳುವಷ್ಟೇ ನಿಧಾನವಾಗಿ. ಎರಡನೇ ಪುಟದ ಕೊನೆಗೆ ಬಂದಾಗ ಪ್ರಿಯಾಂಕಾ ಪೆನ್ನು ಕಾಗದದಿಂದ ಎತ್ತಿದಳು.

"ಬೂದಿ ಏನು ಮಾಡ್ತೀರಿ ಅಂತ ಕೇಳ್ಯಾರ. ಮೂರು ಬಾಕ್ಸ್ ಅದಾವ. ಮನ್ಯಾಗ ಇಟ್ಕೊಳ್ಳೋದು. ನೀರಾಗರೆ ಗಾಳ್ಯಾಗರೆ ಬಿಡೋದು. ಮಣ್ಣಾಗ ಇಡೋದು."

ಶಿವಕ್ಕ ಕಪ್ಪಾದ ಬೆರಳನ್ನು ಕಾಗದದ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು. "ಮೂರನೇದು ಯಾವುದು, ತೋರಿಸು."

ಪ್ರಿಯಾಂಕಾ ತೋರಿಸಿದಳು.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದಳು.

"ಹೂಂ. ಅದಕ್ಕ ಹಾಕು." ಪ್ರಿಯಾಂಕಾ ಆ ಬಾಕ್ಸಿಗೆ ಗೆರೆ ಎಳೆಯುವುದನ್ನು ಶಿವಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಕರಡಿಗೆಯನ್ನು ಚೀಲದ ಒಳಗೇ ಮುಟ್ಟಿ ನೋಡಿಕೊಂಡಳು. "ಶಶಿಗೆ ನೀನ ಹೇಳಬೇಕು. ನಾ ಹೇಳೂದಿಲ್ಲ."

"ಮನೀಗೆ ಹೋಗಿ ಹೇಳ್ತೀನಿ."

"ಮನೀಗೆ ಹೋಗಿ ಅಲ್ಲ. ಇದನ್ನ ಮುಗಿಸು. ಆಮ್ಯಾಲೆ ಫೋನ್ ಹಚ್ಚು. ನಾ ಇಲ್ಲೇ ಕುಂತಿರ್ತೀನಿ."

ಪ್ರಿಯಾಂಕಾ ಪುಟ ತಿರುವಿ, ಮೂರನೇ ಪುಟದ ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಓದತೊಡಗಿದಳು.