ಆತು ಅಮ್ಮಾ

ಫ್ಯಾನ್ ಗಾಳಿ ಬಂದಾಗಲೆಲ್ಲ ಕಾಗದದ ಮೂಲೆ ಏಳುತ್ತದೆ, ಕೂರುತ್ತದೆ, ಹೊನ್ನಾವರದ ಇಷ್ಟು ದೊಡ್ಡ ಕಚೇರಿಯಲ್ಲಿ ಕಾಗದದ ಮೇಲಿಡಲು ಒಂದು ಕಲ್ಲಿಲ್ಲ, ಪೋಲೆಂಡಿನಿಂದ ಬಂದದ್ದಂತೆ, ಕೃಷ್ಣಾನಂದ ಸಾಹೇಬರು ಬೆರಳಿನಿಂದ ಒತ್ತಿ ಹಿಡಿದು ಓದುತ್ತಿದ್ದಾರೆ, ನಿಮ್ಮ ಮಗಳು ಧನ್ಯಶ್ರೀ, ವಯಸ್ಸು ಇಪ್ಪತ್ತಮೂರು, ಪೋಲೆಂಡಿನಲ್ಲಿ ಓದುತ್ತಿದ್ದವಳು, ಹನ್ನೊಂದು ತಿಂಗಳಿಂದ ಪತ್ತೆಯಿಲ್ಲ — ನನಗೇ ನನ್ನ ಮಗಳ ಪರಿಚಯ ಮಾಡಿಕೊಡುತ್ತಿದ್ದಾರೆ. ನಗು ಬರಬೇಕಿತ್ತು, ಬರಲಿಲ್ಲ, ಅಳುವೂ ಈಗ ಬರುವುದಿಲ್ಲ, ಐಸ್ ಪೆಟ್ಟಿಗೆಯಲ್ಲಿ ಬಹಳ ಹೊತ್ತು ಕೈಯಿಟ್ಟರೆ ಬೆರಳು ಯಾರದೋ ಅನ್ನಿಸುತ್ತದಲ್ಲ, ಹಾಗೆ. ಕೊನೆಯ ವಾಯ್ಸ್ ಮೆಸೇಜು, ಅನ್ನುತ್ತಾರೆ, ಅದು ನನ್ನ ಫೋನಿನಲ್ಲೇ ಇದೆ, ಬಂದಾಗ ನಾನು ಶಿರಾಲಿಯ ಮೀನು ಪೇಟೆಯಲ್ಲಿ ಕೂತು ಮೀನಿನ ಹುರುಪೆ ಕೆರೆಯುತ್ತಿದ್ದೆ, ಪಕ್ಕದ ಬುಟ್ಟಿಯ ಬಂಗಾರಿ, ಮಾಸ್ತಮ್ಮಾ ನಿನ್ನ ಮಗ್ಳದ್ದು ಎಂತೋ ಬಂತು ನೋಡೇ, ಅಂದಳು, ಒದ್ದೆ ಹೆಬ್ಬೆರಳಲ್ಲೇ ಒತ್ತಿದೆ, ಗಾಜಿಗೆ ಒಂದು ಹುರುಪೆ ಅಂಟಿಕೊಂಡಿತು. ಅಮ್ಮಾ ಉಂಡ್ಯಾ, ಇಲ್ಲಿ ಎಂತ ಚಳಿ ಗೊತ್ತುಂಟಾ, ನೀ ಕಟ್ಟಿಕೊಟ್ಟ ಒಣಮೀನು ಖಾಲಿ, ಆತು ಅಮ್ಮಾ. ಅಷ್ಟೇ. ಗಿರಾಕಿ ನಿಂತಿದ್ದರು, ಸಂಜೆ ಮಾತಾಡಿದರಾಯಿತು ಅಂದುಕೊಂಡೆ — ಸಂಜೆಗೆ ಅವಳ ಫೋನು ಸತ್ತಿತ್ತು. ಆ ಗಿರಾಕಿಯ ಮುಖ ನೆನಪಿಲ್ಲ, ಮೀನು ನೆನಪಿದೆ.

ಆ ಕೊನೆಯ ಮಾತನ್ನು ಪೋಲೆಂಡಿನಲ್ಲಿ ಯಾರೋ ಅಲ್ಲಿನ ಪೊಲೀಸರಿಗೆ ಅವರ ಭಾಷೆಯಲ್ಲಿ ಎಲ್ಲ ಮುಗಿಯಿತು ಅಮ್ಮಾ ಎಂದು ಬಿಡಿಸಿ ಹೇಳಿದ್ದಾರೆ, ಆದ್ದರಿಂದ ತಾನೇ ನದಿಗೆ ಹಾರಿರಬೇಕು ಎಂದು ಬರೆದಿದ್ದಾರೆ, ನೀವು ಒಪ್ಪಿ ಸಹಿ ಹಾಕಿದರೆ ಹುಡುಕುವುದನ್ನು ನಿಲ್ಲಿಸುತ್ತಾರಂತೆ, ಅನ್ನುತ್ತಾರೆ ಸಾಹೇಬರು. ಸಾಯೇಬ್ರೇ, ಆತು ಅಂದ್ರೆ ಮುಗೀತು ಅಂತಲ್ಲ, ಫೋನ್ ಇಡೂವಾಗ ನಾವೆಲ್ಲ ಹೇಳೂದೇ ಅದು, ನೀವು ಕುಮಟೆಯವ್ರು, ನೀವೂ ಹೇಳ್ತ್ರಿ ಅಲ್ದಾ. ಅವರ ಬೆರಳು ಕಾಗದ ಬಿಡುತ್ತದೆ, ಮೂಲೆ ಏಳುತ್ತದೆ. ಹೌದಲ್ಲ ಮಾಸ್ತಮ್ಮ, ಇದು ನಂಗೇ ಹೊಳೀಲಿಲ್ಲ, ಹಂಗೇ ಬರ್ದು ಕಳ್ಸುವ, ಸಹಿ ಬೇಡ. ಅಷ್ಟರಲ್ಲಿ ಅವರದೇ ಫೋನು, ಮನೆಯಿಂದ, ಹೂಂ ಮೊಸರು ತತ್ತೆ, ಆತು ಆತು, ಇಟ್ಟೇಬಿಟ್ಟರು. ಎಷ್ಟು ಹಗುರ. ಎರಡು ಸಲ ಅಂದರು. ಧನ್ಯಾ ಯಾವಾಗಲೂ ಎರಡು ಸಲವೇ ಅನ್ನುತ್ತಿದ್ದಳು, ಆತು ಆತು ಇಡ್ತೆ, ಅವತ್ತು ಒಂದೇ ಸಲ, ಇಡ್ತೆ ಅನ್ನಲಿಲ್ಲ, ಒಣಮೀನು ಖಾಲಿ, ಅದಾದ ಮೇಲೆ ಒಂದು ಉಸಿರು ಇತ್ತಲ್ಲವೇ, ಇತ್ತು, ಇಲ್ಲ, ಚಳಿಗೆ ಮೂಗು ಕಟ್ಟಿತ್ತು, ಇಷ್ಟು ದಿನ ಕೇಳಿಯೂ ನನಗೆ ಇದು ಇವತ್ತೇ ಯಾಕೆ ಕೇಳಿಸಬೇಕು. ಒಂದ್ಸಲ ನಂಗೂ ಕೇಳ್ಸಿ, ಅನ್ನುತ್ತಾರೆ ಸಾಹೇಬರು, ಮತ್ತೆ ನೀವು ಹೇಳ್ದಂಗೇ ಬರೀತೆ, ಆತಾ ಮಾಸ್ತಮ್ಮ? ಆತು ಅನ್ನಬೇಕು ನಾನು, ಬಾಯಿಗೆ ಬರುತ್ತಿಲ್ಲ. ಫೋನು ತೆಗೆದೆ, ಬೆಳಕು ಬಂತು, ಧನ್ಯಾಳ ಫೋಟೋ, ಗಾಜಿನ ಮೇಲೆ ಆ ಹುರುಪೆ, ಉದುರಬಾರದೆಂದು ನಾನೇ ಟೇಪು ಹಚ್ಚಿದ್ದು, ಸರಿಯಾಗಿ ಅವಳ ಬಾಯಿಯ ಮೇಲೆ, ಹುರುಪೆ, ಅವಳ ಬಾಯಿಯ ಮೇಲೆ