ಚೀಲದ ಮೇಲಿನ ಪಾಸ್‌ವರ್ಡ್

ಗಂಗಲಕ್ಷ್ಮಿ ಅಂಗಳದ ಕಲ್ಲಿನ ಮೇಲೆ ಕಾಯಿ ಒಡೆಯುವ ಮಚ್ಚು ಮಸೆಯುತ್ತಿದ್ದಳು. ಒಂದಿಷ್ಟು ನೀರು ಚಿಮುಕಿಸುವುದು, ನಾಲ್ಕು ಸಲ ಎಳೆಯುವುದು, ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡುವುದು. ಗಂಡ ತಿಮ್ಮರಾಜು ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಎಂಟು ತಿಂಗಳ ಮಗು ಒಳಗೆ ಮಲಗಿತ್ತು. ಅವಳು ಮಚ್ಚನ್ನು ಗೋಣಿಯಲ್ಲಿ ಸುತ್ತಿಕೊಂಡು ಎದ್ದ ಮೇಲೆ ಅವನು ಬಾಯಿ ಬಿಟ್ಟ.

"ಇವತ್ತಿಂದ ಶೆಡ್ಡಿಗೆ ಹೋಗ್ಬ್ಯಾಡ."

ಯಾಕೆ ಎಂದು ಕೇಳಿದ್ದಕ್ಕೆ ಮುಖ ತಿರುಗಿಸಿದ. ಮೂರು ಸಲ ಕೇಳಿದ ಮೇಲೆ ಹೇಳಿದ. ಹಿಂದಿನ ದಿನ ತಿಪಟೂರು ಮಾರುಕಟ್ಟೆಯ ಟೀ ಅಂಗಡಿಯಲ್ಲಿ ಕಲ್ಲೇಶ್ ಸಿಕ್ಕಿದ್ದನಂತೆ. ಕಲ್ಲೇಶ್ ಅಂದರೆ ಗಂಗಲಕ್ಷ್ಮಿ ಕೆಲಸ ಮಾಡುವ ಮಹಿಳಾ ಸಂಘದ ಕೊಬ್ಬರಿ ಕೊಳ್ಳುವ ವರ್ತಕರ ಗುಮಾಸ್ತ. ನಾಲ್ಕು ಜನರ ಎದುರು ನಗುತ್ತಾ, "ನಿನ್ನ ಮಗೂಗೆ ಹನ್ನೊಂದು ಗಂಟೆಗೆ ಸರಿಯಾಗಿ ಹಸಿವಾಯ್ತದೆ ಅಲ್ವೇನ್ಲಾ" ಅಂದನಂತೆ. ಪಕ್ಕದಲ್ಲಿದ್ದವರೂ ನಕ್ಕರಂತೆ.

ಗಂಗಲಕ್ಷ್ಮಿ ಸುತ್ತಿದ್ದ ಮಚ್ಚನ್ನು ಕೆಳಗಿಟ್ಟಳು. ಸಂಘದ ಶೆಡ್ಡಿನಲ್ಲಿ ಇರುವವರು ಒಂಬತ್ತು ಜನ ಹೆಂಗಸರು ಮಾತ್ರ. ಬಾಗಿಲು ಮುಂದೆ ಮಾಡಿಕೊಂಡೇ ಕೆಲಸ. ಮೂಲೆಯಲ್ಲಿ ಚೀಲಗಳ ಮರೆಗೆ ಕೂತು ಅವಳು ದಿನಾ ಹನ್ನೊಂದು ಗಂಟೆಗೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆ ಮೂಲೆಯ ನೇರ ಮೇಲೆಯೇ ಕಳ್ಳತನ ತಡೆಯಲು ಹಾಕಿಸಿದ ಕ್ಯಾಮೆರಾ ಇದೆ ಎನ್ನುವುದು ಆಗ ಹೊಳೆಯಿತು.

"ಕದ್ದು ನೋಡ್ದೋನು ಅವ್ನು. ನಕ್ಕೋರು ಅವ್ರು. ಮನೇಲಿ ಕೂರ್ಬೇಕಾದೋಳು ನಾನಾ?"

ಅವಳು ಒಳಗಿದ್ದ ಮಗುವನ್ನು ತಂದು ತಿಮ್ಮರಾಜುವಿನ ತೊಡೆಯ ಮೇಲೆ ಮಲಗಿಸಿ ನೇರ ಸಂಘದ ಅಧ್ಯಕ್ಷೆ ರಂಗಕ್ಕನ ಮನೆಗೆ ಹೋದಳು.

ಬಿಳಿಗೆರೆ ಕಡೆಯ ಈ ಹಳ್ಳಿಯ ಮಾರಮ್ಮ ಮಹಿಳಾ ಸಂಘದವರ ಕೆಲಸ ಸಣ್ಣದಲ್ಲ. ಅಟ್ಟದ ಮೇಲೆ ವರ್ಷ ಪೂರ್ತಿ ಒಣಗಿದ ತೆಂಗಿನಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಮಾತ್ರ ಒಡೆಯುವ ಹಾಗೆ ಪೆಟ್ಟು ಕೊಡಬೇಕು. ಒಳಗಿನ ಉಂಡೆ ಕೊಬ್ಬರಿ ಬಿರುಕು ಬಿಟ್ಟರೆ ಬೆಲೆ ಬಿದ್ದುಹೋಗುತ್ತದೆ. ಹಿಂದಿನ ವರ್ಷ ಎರಡು ಚೀಲ ಕಾಣೆಯಾದ ಮೇಲೆ ಶೆಡ್ಡಿಗೆ ಕ್ಯಾಮೆರಾ, ಇಂಟರ್ನೆಟ್ಟಿನ ಡಬ್ಬಿ ಎಲ್ಲ ಹಾಕಿಸಿದ್ದರು.

ರಂಗಕ್ಕ ಒಲೆಯ ಮುಂದಿನಿಂದ ಏಳದೆಯೇ ಎಲ್ಲ ಕೇಳಿಸಿಕೊಂಡಳು. ಕಲ್ಲೇಶನ ಬಾಯಿ ಸರಿಯಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂದಳು. ಕ್ಯಾಮೆರಾ ಹಾಕಿಸಿರುವುದೇ ನೋಡುವುದಕ್ಕೆ ಎಂದಳು.

"ನಾವೇನು ಕಳ್ಳತನ ಮಾಡ್ತೀವಾ? ನೋಡಿದ್ರೆ ನೋಡ್ಲಿ ಬುಡು."

"ನಿಮ್ಮ ಬಚ್ಚಲಿಗೂ ಬಾಗಿಲೈತಲ್ಲ ರಂಗಕ್ಕ. ಒಳಗೆ ಹೋಗಿ ಕಳ್ಳತನ ಮಾಡ್ತೀರಾ?"

ರಂಗಕ್ಕನ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. ಅವಳು ಅದನ್ನು ಬದಿಗಿಟ್ಟು ಫೋನು ತೆಗೆದುಕೊಂಡು ಸ್ಪಂದನಳಿಗೆ ಕರೆ ಮಾಡಿದಳು.

ಸ್ಪಂದನ ತುರುವೇಕೆರೆಯ ಹುಡುಗಿ. ಊರೂರಿಗೆ ಹೋಗಿ ಇಂಟರ್ನೆಟ್ ಲೈನು ರಿಪೇರಿ ಮಾಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸ್ಕೂಟರಿನಲ್ಲಿ ಬಂದಳು. ಹೆಂಗಸರೆಲ್ಲ ಶೆಡ್ಡಿನಲ್ಲಿ ಸೇರಿದ್ದರು. ಅಷ್ಟರಲ್ಲಿ ಅಳುವ ಮಗುವನ್ನು ಎತ್ತಿಕೊಂಡು ತಿಮ್ಮರಾಜುವೂ ಬಂದು ಬಾಗಿಲ ಹೊರಗೆ ನಿಂತ.

ಕ್ಯಾಮೆರಾದ ಪಾಸ್‌ವರ್ಡ್ ಏನು ಎಂದು ಸ್ಪಂದನ ಕೇಳಿದಳು. ಒಂಬತ್ತು ಜನವೂ ಒಟ್ಟಿಗೇ ಹೇಳಿದರು. ಎಂಎಂಎಸ್ 2016. ಸಂಘದ ಹೆಸರಿನ ಮೊದಲ ಅಕ್ಷರಗಳು, ಶುರುವಾದ ವರ್ಷ. ಯಾರಿಗೂ ಮರೆಯಬಾರದು ಎಂದು ಚೀಲದ ಮಾರ್ಕನ್ನೇ ಇಟ್ಟಿದ್ದರು.

ಸ್ಪಂದನ ತಿರುಗಿ ನೋಡಿದಳು. ಗೋಡೆಯ ಉದ್ದಕ್ಕೂ ಕೊಬ್ಬರಿ ಚೀಲ ಪೇರಿಸಿತ್ತು. ಒಂದೊಂದು ಚೀಲದ ಮೇಲೂ ಕಪ್ಪು ಶಾಯಿಯಲ್ಲಿ ಗೇಣುದ್ದದ ಅದೇ ಅಕ್ಷರ.

"ಹಂಗಾರೆ ಪ್ರತಿ ಹರಾಜಿಗೂ ನಿಮ್ಮ ಪಾಸ್‌ವರ್ಡ್ ಲಾರಿ ಹತ್ತಿ ಮಾರ್ಕೆಟ್ಟಿಗೆ ಹೋಗೈತೆ ಅಕ್ಕ."

ಬಾಗಿಲ ಪಕ್ಕ, ಕೈಗೆಟುಕುವ ಎತ್ತರದಲ್ಲೇ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ ಇತ್ತು. ಅದರ ಮೇಲಿನ ಕ್ಯೂಆರ್ ಚೌಕದ ಚೀಟಿಗೆ ಒಮ್ಮೆ ಫೋನು ಹಿಡಿದು, ಪಾಸ್‌ವರ್ಡ್ ಜಾಗದಲ್ಲಿ ಆ ಮಾರ್ಕು ಒತ್ತಿದರೆ ಸಾಕು, ಯಾವ ಊರಿನಲ್ಲಿ ಕೂತಿದ್ದರೂ ಶೆಡ್ಡು ಕಾಣುತ್ತಿತ್ತು. ಚೀಲ ಎತ್ತಲು ಬರುವ ಹಮಾಲಿಗಳು, ಲಾರಿಯವರು, ಮಾಲು ನೋಡಲು ಬರುವ ಗುಮಾಸ್ತರು ಎಲ್ಲರೂ ಆ ಬಾಗಿಲಲ್ಲೇ ನಿಲ್ಲುವವರು.

ಈ ಕ್ಯಾಮೆರಾ ಯಾರ್ಯಾರಿಗೆ ಕಾಣುತ್ತದೆ ಎನ್ನುವ ಪಟ್ಟಿಯನ್ನು ಸ್ಪಂದನ ತೆಗೆದು ತೋರಿಸಿದಳು. ಹದಿಮೂರು ಫೋನು ಸೇರಿಕೊಂಡಿದ್ದವು. ಅದರಲ್ಲಿ ಸಂಘದವರದು ನಾಲ್ಕು. ಉಳಿದ ಒಂಬತ್ತರಲ್ಲಿ ಎಂಟಕ್ಕೆ ಬರೀ ಫೋನಿನ ಕಂಪನಿಯ ಹೆಸರಿತ್ತು. ಒಂದರ ಮುಂದೆ ಮಾತ್ರ ಕಲ್ಲೇಶ್ ಎಂದಿತ್ತು. ತಿಮ್ಮರಾಜು ಒಳಗೆ ಬಂದು, ಬಗ್ಗಿ, ಆ ಹೆಸರನ್ನು ಎರಡು ಸಲ ಓದಿದ.

ಇವರೆಲ್ಲ ಬರೀ ನೋಡುವುದಲ್ಲ, ಎಲ್ಲರೂ ಯಜಮಾನರಾಗಿಯೇ ಸೇರಿದ್ದಾರೆ ಎಂದು ಸ್ಪಂದನ ವಿವರಿಸಿದಳು. ಬೇಕಾದರೆ ಕ್ಯಾಮೆರಾ ನಿಲ್ಲಿಸಬಹುದು, ರೆಕಾರ್ಡಿಂಗ್ ಅಳಿಸಬಹುದು. ಇದನ್ನು ಕೇಳಿ ರಂಗಕ್ಕ ಕೂತಲ್ಲಿಂದ ಎದ್ದಳು. ಹಿಂದಿನ ತಿಂಗಳು ಒಂದು ದಿನ ಎರಡು ಗಂಟೆ ಹೊತ್ತಿನ ರೆಕಾರ್ಡಿಂಗ್ ಇರಲೇ ಇಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

"ನಮ್ಮ ದುಡ್ಡಲ್ಲಿ ಕಣ್ಣು ಇಡ್ಸಿ, ಅದನ್ನ ಕಂಡೋರ ಕೈಗೆ ಕೊಟ್ಟು ಕೂತಿದ್ದೀವಲ್ಲೇ," ಎಂದಳು ರಂಗಕ್ಕ.

ಸ್ಪಂದನ ಯಾವುದನ್ನೂ ಅಳಿಸುವ ಮೊದಲು ಪಟ್ಟಿಯ ಫೋಟೋ ತೆಗೆಸಿದಳು. ಪೊಲೀಸರಿಗೆ ದೂರು ಕೊಡಲು ಅದು ಬೇಕು ಎಂದಳು. ಆಮೇಲೆ ಹೊರಗಿನ ಒಂಬತ್ತು ಫೋನನ್ನೂ ಕಿತ್ತು ಹಾಕಿದಳು. ಕ್ಯಾಮೆರಾಕ್ಕೂ ಇಂಟರ್ನೆಟ್ ಡಬ್ಬಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡಿಸಿದಳು. ಅದು ಚೀಲದ ಮೇಲಿಲ್ಲ, ಗೋಡೆಯ ಮೇಲಿಲ್ಲ, ಯಾರ ಮಗುವಿನ ಹೆಸರೂ ಅಲ್ಲ. ಇದನ್ನು ಎಲ್ಲರಿಗೂ ಹೇಳಬೇಡಿ ಎಂದಾಗ, ಒಂಬತ್ತು ಜನಕ್ಕೂ ಒಂದೇ ಪಾಸ್‌ವರ್ಡ್ ಯಾಕಿರಬಾರದು, ನಮ್ಮಲ್ಲಿ ಭೇದವಿಲ್ಲವಲ್ಲ ಎಂದು ರಂಗಕ್ಕ ಕೇಳಿದಳು.

"ನೋಡೋದು ಬೇರೆ, ಬದಲಾಯ್ಸೋದು ಬೇರೆ ಅಕ್ಕ. ನೋಡೋಕೆ ನಾಲ್ಕು ಜನ ಇರ್ಲಿ, ಒಬ್ಬೊಬ್ರಿಗೂ ಅವ್ರವ್ರದೇ ಹೆಸರು ಇರ್ಲಿ. ಬದಲಾಯ್ಸೋಕೆ ಇಬ್ರು ಸಾಕು. ಆಗ ಯಾರು ಏನ್ಮಾಡಿದ್ರು ಅಂತ ಅದೇ ಹೇಳ್ತದೆ."

ಹಾಗೆಯೇ ಮಾಡಿದರು. ಕ್ಯಾಮೆರಾ ಹಾಕಿದ ಅಂಗಡಿಯವನು ರಿಪೇರಿಗೆಂದು ದೂರದಿಂದಲೇ ಇಂಟರ್ನೆಟ್ಟಿನಲ್ಲಿ ಒಳಗೆ ಬರುತ್ತಿದ್ದ ದಾರಿಯನ್ನೂ ಮುಚ್ಚಿದರು. ರಿಪೇರಿ ಇದ್ದ ದಿನ ತೆರೆದರಾಯಿತು. ಪೆಟ್ಟಿಗೆಯನ್ನು ಬೀಗ ಇರುವ ಕಪಾಟಿಗೆ ಸೇರಿಸಿದರು. ಮೂಲೆಯ ಕ್ಯಾಮೆರಾ ಬಾಗಿಲ ಕಡೆ ತಿರುಗಿತು. ವಾರಕ್ಕೊಮ್ಮೆ ಪಟ್ಟಿ ನೋಡುವ ಕೆಲಸವನ್ನು ಗಂಗಲಕ್ಷ್ಮಿಯೇ ಕೇಳಿ ತೆಗೆದುಕೊಂಡಳು. ಆದರೆ ಆಗಲೇ ಯಾರಾದರೂ ಆ ದೃಶ್ಯವನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಅದನ್ನು ಇಲ್ಲಿಂದ ತೆಗೆಯಲು ಆಗುವುದಿಲ್ಲ ಎಂದು ಸ್ಪಂದನ ಮುಚ್ಚಿಡದೆ ಹೇಳಿದಳು.

ಗಂಗಲಕ್ಷ್ಮಿ ದೂರು ಕೊಡಲು ಠಾಣೆಗೆ ಹೋಗುವಾಗ ತಿಮ್ಮರಾಜು ಜೊತೆಗೆ ಹೋದ. ದಾರಿಯಲ್ಲಿ ಹೆಂಡತಿಯ ಮುಖ ನೋಡದೆ, "ನಾಳೆಯಿಂದ ಹನ್ನೊಂದು ಗಂಟೆಗೆ ಮಗೂನ ನಾನೇ ಶೆಡ್ಡಿಗೆ ಕರ್ಕೊಂಡು ಬತ್ತೀನಿ," ಎಂದ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲಿ, ಡೇರಿಯಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ಇಂಥ ಕ್ಯಾಮೆರಾ ಇದ್ದರೆ ಅದರ ಪಟ್ಟಿಯನ್ನು ಇವತ್ತೇ ತೆಗೆಸಿ ನೋಡಿ. ಗೊತ್ತಿಲ್ಲದ ಹೆಸರಿದ್ದರೆ ಫೋಟೋ ತೆಗೆದಿಟ್ಟುಕೊಂಡು ಹೊರಗೆ ಹಾಕಿ. ಕ್ಯಾಮೆರಾ ಹಾಕಿದವರು ಕೊಟ್ಟ ಪಾಸ್‌ವರ್ಡನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ನೋಡಲು ಯಾರು, ಬದಲಾಯಿಸಲು ಯಾರು ಎಂದು ನೀವು ತೀರ್ಮಾನಿಸಿ. ಹೀಗೆ ಯಾರಾದರೂ ಕದ್ದು ನೋಡಿದರೆ, ನಿಮ್ಮ ಮನೆಯ ಹೆಣ್ಣುಮಗಳನ್ನು ಒಳಗೆ ಕೂರಿಸಬೇಡಿ.

ಮುಂದಿನ ಹರಾಜಿಗೆ ಮಾಲು ಎತ್ತುವ ದಿನ ಲಾರಿ ಬಂತು. ಕಲ್ಲೇಶ್ ಬಂದಿರಲಿಲ್ಲ, ಅವನನ್ನು ಠಾಣೆಗೆ ಕರೆಸಿದ್ದರು. ಹಮಾಲಿಗಳು, ಡ್ರೈವರು, ಹೊಸ ಗುಮಾಸ್ತ, ಸುತ್ತಮುತ್ತಲಿನ ಗಂಡಸರು ಹತ್ತಾರು ಜನ ಸೇರಿದ್ದರು. ಗಂಗಲಕ್ಷ್ಮಿ ಪಟ್ಟಿಯ ಫೋಟೋ ಇದ್ದ ಫೋನು ಹಿಡಿದು ಬಾಗಿಲಿಗೆ ಬಂದಳು. ಅವಳು ಜೋರಾಗಿ ಮಾತಾಡುವವಳಲ್ಲ. ಅವತ್ತೂ ಜೋರಾಗಿ ಮಾತಾಡಲಿಲ್ಲ.

"ಕಲ್ಲೇಶಂದು ಬಿಟ್ಟು ಈ ಪಟ್ಟೀಲಿ ಇನ್ನೂ ಎಂಟು ಫೋನವೆ. ಯಾರ್ಯಾರದು ಅಂತ ನೀವೇ ಹೇಳಿ."

ಹಮಾಲಿಯೊಬ್ಬ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಡ್ರೈವರು ಲಾರಿಯ ಚಕ್ರ ನೋಡತೊಡಗಿದ. ಅವಳು ಕಾಯುತ್ತಾ ನಿಂತಳು.