ಹತ್ತು ಲಕ್ಷದ ಒಂದು

ಚನ್ನೇಶನಿಗೆ ಕಾಯಂ ನೌಕರಿ ಇರಲಿಲ್ಲ. ಹಾನಗಲ್ಲಿನ ಟ್ರಸ್ಟೊಂದರ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಗಣಿತ ಕಲಿಸುತ್ತಿದ್ದ. ಪ್ರತಿ ಜೂನ್‌ನಲ್ಲಿ ಕಾರ್ಯದರ್ಶಿ ಶಿದ್ಲಿಂಗಪ್ಪನವರು ಸಹಿ ಹಾಕಿದರೆ ಇನ್ನೊಂದು ವರ್ಷ. ಅದಕ್ಕೇ ಟ್ರಸ್ಟಿನ ಉಚಿತ ಹಾಸ್ಟೆಲ್ಲಿನ ಪ್ರವೇಶ ಪರೀಕ್ಷೆಗೆ ಪ್ರಶ್ನೆ ತೆಗೆಯುವವನೂ ಅವನೇ, ತಿದ್ದುವವನೂ ಅವನೇ, ಕೊನೆಗೆ ಆಕ್ಷೇಪಣೆ ಅರ್ಜಿ ತೆಗೆದುಕೊಳ್ಳಲು ಕೂತವನೂ ಅವನೇ.

ಮೇಜಿನಾಚೆ ರಟ್ಟೀಹಳ್ಳಿಯ ಸಾವಂತ್ರವ್ವ ಮಗಳನ್ನು ಕರೆದುಕೊಂಡು ಬಂದು ನಿಂತಿದ್ದಳು. ಮಗಳು ಮಾಲಾಗೆ ಒಂದೇ ಅಂಕದಿಂದ ಸೀಟು ತಪ್ಪಿತ್ತು. ಹದಿನೇಳನೆಯ ಪ್ರಶ್ನೆಗೆ ತನ್ನ ಉತ್ತರ ಸರಿ ಇದೆಯೆಂದು ಹಟ ಹಿಡಿದು ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಎಂದಳು.

ಆ ಪ್ರಶ್ನೆ ಚನ್ನೇಶನಿಗೆ ಬಾಯಿಪಾಠವಿತ್ತು. 10,00,001 ಅವಿಭಾಜ್ಯ ಸಂಖ್ಯೆಯೇ? ಉತ್ತರ, ಹೌದು. ಕ್ಲಾಸಿನ ಗೋಡೆಯ ಪಟದಲ್ಲಿದ್ದ ಇಪ್ಪತ್ತೈದು ಅವಿಭಾಜ್ಯ ಸಂಖ್ಯೆಗಳಿಂದಲೂ ಅವನು ಭಾಗಿಸಿ ನೋಡಿದ್ದ. ಯಾವುದರಿಂದಲೂ ಹೋಗಿರಲಿಲ್ಲ. ಅದನ್ನೇ ಹುಡುಗಿಗೆ ನಗುತ್ತ ಹೇಳಿದ.

"ಪಟ ನೂರಕ್ಕ ಮುಗೀತೈತ್ರಿ ಸರ," ಎಂದಳು ಮಾಲಾ. "ನೂರಾ ಒಂದರಿಂದ ಹೋಗ್ತೈತ್ರಿ."

ದೊಡ್ಡವರ ಜೋಡಿ ಹಾಗೆ ಮಾತಾಡಬಾರದೆಂದು ಸಾವಂತ್ರವ್ವ ಮಗಳ ತೋಳು ಚಿವುಟಿದಳು. ಚನ್ನೇಶ ಹಾಳೆಯ ಬೆನ್ನಿಗೆ ಭಾಗಾಕಾರ ಹಾಕಿದ. ಒಂಬತ್ತು, ಮತ್ತೆ ಒಂಬತ್ತು, ಸೊನ್ನೆ, ಒಂದು. ಕೆಳಗೆ ಶೇಷ ಉಳಿಯಲಿಲ್ಲ.

ಇಷ್ಟು ದೊಡ್ಡ ಸಂಖ್ಯೆಗೆ ಸಾವಿರದವರೆಗೂ ನೋಡಬೇಕೆಂದು ಅವನೇ ಮಕ್ಕಳಿಗೆ ಕಲಿಸಿದ್ದ. ತಾನು ಮಾತ್ರ ಪಟ ಮುಗಿದಲ್ಲಿಗೆ ನಿಂತಿದ್ದ. ಮುಂದಿನ ಒಂದೇ ಒಂದು ಅವಿಭಾಜ್ಯ ಸಂಖ್ಯೆಯನ್ನು ಹಾಕಿ ನೋಡಿದ್ದರೆ ಸಾಕಿತ್ತು. ಹೋದ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಒಂದು ತಪ್ಪಾಗಿದ್ದಕ್ಕೆ ವಿಜ್ಞಾನದ ಶೀಲಾ ಟೀಚರಿಗೆ ಜೂನ್ ಕಳೆದರೂ ಸಹಿ ಸಿಗಲಿಲ್ಲ. ಈಗ ಹತ್ತಿಮತ್ತೂರಿನ ತವರಿನಲ್ಲಿದ್ದಾಳೆ.

ಹೊರಗೆ ಶಿದ್ಲಿಂಗಪ್ಪನವರ ಗಾಡಿ ನಿಂತ ಸದ್ದಾಯಿತು.

"ಅರ್ಜಿ ನನ್ನ ಕಡೆ ಕೊಟ್ಟ ಹೋಗ್ರಿ," ಎಂದ ಚನ್ನೇಶ. "ನಾ ಮುಟ್ಟಸ್ತೇನಿ."

"ಇವತ್ತ ನಾಕಕ್ಕ ಕಡೀ ಅಂತ ಬರದೈತಿ. ಸಾಹೇಬ್ರಿಗೆ ನಾವ ಒಂದ ಮಾತ ಹೇಳಿದ್ರ?"

"ಅವರು ಭಾಳ ಸಿಟ್ಟಿನವರು, ಹುಡುಗಿ ಮ್ಯಾಲೆ ಹರಿಹಾಯ್ತಾರ. ನಾ ಇದ್ದೇನಲ್ಲವಾ. ಬಸ್ ತಪ್ಪತೈತಿ, ನಡೀರಿ."

ಸಾವಂತ್ರವ್ವ ಕೈ ಮುಗಿದಳು. ಮಾಲಾ ಮುಗಿಯಲಿಲ್ಲ. ಅವನು ಬರೆದ ಭಾಗಾಕಾರವನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿ ಅವ್ವನ ಹಿಂದೆ ಹಿತ್ತಲ ಬಾಗಿಲಿನಿಂದ ಹೋದಳು. ಆ ಬಾಗಿಲನ್ನು ತೋರಿಸಿದವನು ಅವನೇ.

ಅರ್ಜಿಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಳ್ಳುವಷ್ಟರಲ್ಲಿ ಶಿದ್ಲಿಂಗಪ್ಪನವರು ಒಳಗೆ ಬಂದರು.

"ಯಾರರೆ ಬಂದಿದ್ರೇನೋ ಮಾಸ್ತರ?"

"ಯಾರೂ ಇಲ್ರಿ."

"ನೀ ತಗದ ಪೇಪರ್ ಅಂದ್ರ ಹಂಗ ನೋಡು, ಒಂದೂ ತಕರಾರ ಇಲ್ಲ." ಅವರು ಆಯ್ಕೆ ಪಟ್ಟಿಗೆ ಸಹಿ ಹಾಕಿ, ಟ್ರಸ್ಟಿನ ಮೊಹರು ಒತ್ತಿ, ಉತ್ತರಪತ್ರಿಕೆಗಳನ್ನು ಕಪಾಟಿನಲ್ಲಿಡಲು ಹೇಳಿ ಹೋದರು.

ಚನ್ನೇಶ ಬಾಗಿಲ ಅಗುಳಿ ಹಾಕಿ ಕಟ್ಟು ಬಿಚ್ಚಿದ. ತಿದ್ದುವಾಗ 'ಹೌದು' ಎಂದಿದ್ದರೆ ಎರಡು, 'ಅಲ್ಲ' ಎಂದಿದ್ದರೆ ಸೊನ್ನೆ ಹಾಕಿ ಪುಟ ತಿರುವಿದ್ದ. ಕೆಳಗಿನ ಲೆಕ್ಕ ಓದಿರಲಿಲ್ಲ. ಈಗ ಒಂದೊಂದಾಗಿ ಓದಿದ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಹಾಳೆಯ ಮೇಲೆ ಕೈ ಮುಚ್ಚಿದ. ನೂರಾ ಒಂದು ಎಂದು ಬರೆದವರ ಹಾಳೆಗಳನ್ನು ಬೇರೆ ಇಟ್ಟು, ಎರಡೆರಡು ಅಂಕ ಕೂಡಿಸಿ, ಆಯ್ಕೆ ಪಟ್ಟಿಯ ಕೊನೆಯ ಅಂಕಕ್ಕೆ ಹಿಡಿದು ನೋಡಿದ.

ಏಳು ಹಾಳೆ. ಹದಿನಾಲ್ಕು ಅಂಕ. ತಪ್ಪಿಹೋದ ನಾಲ್ಕು ಸೀಟು.